ಹೋಳಿಗೆ ಕಣಕದಲ್ಲಿ ಅಳೆದ ವೀಲು

ತೇಜು, ಬರೋ ಭಾನುವಾರದಿಂದ ನೀನು ಪಲ್ಲಾವರಂನಲ್ಲಿರೋ ಚಿಕ್ಕಪ್ಪನ ಕಾರ್ ವರ್ಕ್‌ಶಾಪಿಗೆ ಕೆಲಸಕ್ಕೆ ಹೋಗ್ತೀಯ ಅಂತ ಅಮ್ಮ ಹೇಳಿದ್ರು. ಒಳ್ಳೇದು. ಆ ಜಾಗದಲ್ಲಿ ನಾನು ಮೂರು ಬೇಸಿಗೆ ರಜ, ಮೂರು ಕ್ವಾರ್ಟರ್ಲಿ ರಜ, ಮತ್ತೆ ಎಣಿಸೋಕೂ ಆಗದಷ್ಟು ಶನಿವಾರ ಸೇವೆ ಸಲ್ಲಿಸಿ, ಹದಿನೇಳನೇ ವಯಸ್ಸಿಗೆ ಗೌರವವಾಗಿ ನಿವೃತ್ತಳಾಗಿದೀನಿ. ಕಾರಣ ಪ್ಲಸ್ ಟು ಪರೀಕ್ಷೆ. ಯಾರೂ ಹಾರ ಹಾಕ್ಲಿಲ್ಲ, ಗೋಡೆ ಗಡಿಯಾರ ಕೊಡ್ಲಿಲ್ಲ. ಚಿಕ್ಕಪ್ಪ ಒಂದು ಡಬ್ಬ ಸೋಪಿನ ಪುಡಿ ಕೈಗಿಟ್ಟು, "ಉಗುರು ತೊಳ್ಕೊಂಡು ಪರೀಕ್ಷೆಗೆ ಹೋಗು, ಪೇಪರ್ ತಿದ್ದೋರು ಗ್ರೀಸ್ ನೋಡಿ ಮೆಕ್ಯಾನಿಕ್ ಅಂದ್ಕೊಂಡಾರು" ಅಂದ್ರು. ಅದೇ ನನ್ನ ಬೀಳ್ಕೊಡುಗೆ ಸಮಾರಂಭ.

ನಂಗೆ ಯಾರೂ ಏನೂ ಹೇಳ್ಕೊಡದೆ ಒಳಗೆ ತಳ್ಳಿದ್ರು. ನಿಂಗೆ ಹಾಗಾಗಬಾರದು ಅಂತ ಇದನ್ನ ಬರೀತಿದೀನಿ. ಗಮನ ಇಟ್ಟು ಓದು. ಸ್ವಲ್ಪ ಹೆಚ್ಚು ಕಮ್ಮಿ ಮಾಡಿ ಹೇಳ್ತೀನಿ, ಆದ್ರೆ ಹೆಚ್ಚೇ ಜಾಸ್ತಿ.

ಮೊದಲು ಮೇಲಧಿಕಾರಿ ಬಗ್ಗೆ. ನೀನು ಚಿಕ್ಕಪ್ಪನ್ನ ಹಬ್ಬದ ದಿನ ಬಿಳಿ ಪಂಚೇಲಿ ನೋಡಿರ್ತೀಯ. ಅವರು ಬೇರೆ, ವರ್ಕ್‌ಶಾಪಲ್ಲಿರೋರು ಬೇರೆ. ಇಲ್ಲಿರೋರು ಕಾರಿನ ಶಬ್ದ ಬೀದಿ ಕೊನೆಯಲ್ಲಿ ಕೇಳಿದ್ರೆ ಸಾಕು, ತಟ್ಟೆಯಿಂದ ತಲೆ ಎತ್ತದೇ "ಎಡಗಡೆ ಬೇರಿಂಗು" ಅಂದು ಇನ್ನೊಂದು ತುತ್ತು ಬಾಯಿಗಿಡ್ತಾರೆ. ಒಂದ್ಸಲ ಕಾರೇ ಬರದೆ ಇದ್ದಾಗಲೂ ಹೇಳಿದ್ರು. ಆಮೇಲೆ ನೋಡಿದ್ರೆ ಐಸ್ ಗಾಡಿ. ಅದರ ಎಡಗಡೆ ಬೇರಿಂಗು ಹೋಗಿತ್ತು, ಅದು ಬೇರೆ ವಿಷಯ. ಮದ್ರಾಸ್ ಏರ್‌ಪೋರ್ಟ್ ಪಕ್ಕದ ಜಾಗ ಅದು, ತಲೆ ಮೇಲೆ ವಿಮಾನ ಇಳೀವಾಗ ಅವರು ಮಾತು ಅಲ್ಲೇ ನಿಲ್ಲಿಸ್ತಾರೆ. ಅರ್ಧ ಬೈಗುಳದಲ್ಲಿ ಇದ್ರೂ ಸರಿ. ವಿಮಾನ ಹೋದ ಮೇಲೆ ಅದೇ ಅಕ್ಷರದಿಂದ ಮುಂದುವರಿಸ್ತಾರೆ. ಮಧ್ಯೆ ತಪ್ಪಿಸ್ಕೊಳ್ಳಬಹುದು ಅಂದ್ಕೋಬೇಡ, ನಾನು ಪ್ರಯತ್ನ ಮಾಡಿದೀನಿ.

ಸ್ಟಾಫ್ ಒಟ್ಟು ಮೂರು: ಚಿಕ್ಕಪ್ಪ, ನಾನು, ಒಂದು ಹೈಡ್ರಾಲಿಕ್ ಜ್ಯಾಕ್. ಅದರಲ್ಲಿ ಎದುರು ಮಾತಾಡದೇ ಇದ್ದಿದ್ದು ಜ್ಯಾಕ್ ಒಂದೇ. ಹಿಂದುಗಡೆ ಮನೆಯಲ್ಲಿ ಅಜ್ಜಿ ಇದಾರೆ. ಅವರು ಸ್ಟಾಫ್ ಅಲ್ಲ, ಆದ್ರೆ ಊಟದ ಟೈಮ್ ಅವರ ಕೈಲಿರೋದ್ರಿಂದ ನಿಜವಾದ ಮ್ಯಾನೇಜರ್ ಅವರೇ.

ನನ್ನ ಕೆಲಸ ಅಳೆಯೋದು. ಸ್ಕೂಲಲ್ಲಿ ಫಿಸಿಕ್ಸ್ ಮಿಸ್ಸು ವರ್ನಿಯರ್ ಹಿಡಿಯೋದು ಹೇಳ್ಕೊಟ್ಟಿದ್ರು. ಮೊದಲ ದಿನವೇ ಚಿಕ್ಕಪ್ಪನ ಮುಂದೆ ಒಂದು ಬೋಲ್ಟ್ ಅಳೆದು ದಶಮಾಂಶ ಬಿಂದು ಸಮೇತ ನಂಬರ್ ಹೇಳಿದೆ. ಅವರು ಅದುವರೆಗೂ ಬೆರಳಿನ ಗೆಣ್ಣು ಮತ್ತು ಒಂದು ಹಳೇ ಟೇಪಿನಲ್ಲಿ ಅಳೀತಿದ್ರು. ಟೇಪಿನ ಮೊದಲ ಇಂಚು ಹರಿದು ಹೋಗಿ ಎಷ್ಟು ವರ್ಷ ಆಗಿತ್ತೋ, ಅದನ್ನ ಮನಸ್ಸಲ್ಲೇ ಕಳೆದು ಲೆಕ್ಕ ಹಾಕೋರು. ನನ್ನ ವರ್ನಿಯರ್ ನೋಡಿ, "ಇನ್ಮೇಲೆ ನಂಬರ್ ಎಲ್ಲಾ ನೀನೇ ಹೇಳು ಇಂಜಿನಿಯರಮ್ಮ, ನಾನು ಎರಡನೇ ಸಲ ನೋಡಲ್ಲ" ಅಂದ್ರು. ನಾನು ನಾಲ್ಕು ಅಡಿ ಹನ್ನೊಂದು ಇಂಚಿನಿಂದ ಅವತ್ತೇ ಆರು ಅಡಿಗೆ ಬೆಳೆದೆ. "ಎರಡನೇ ಸಲ ನೋಡಲ್ಲ" ಅನ್ನೋ ಮಾತು ಎಷ್ಟು ಭಾರ ಅಂತ ಪದ್ಮಾ ಮಾಮಿ ಕಾರು ಬರೋವರೆಗೂ ಗೊತ್ತಾಗ್ಲಿಲ್ಲ.

ಪದ್ಮಾ ಮಾಮಿ ಕೀಲ್ಪಾಕ್‌ನೋರು. ಅವರ ತಾತನ ಕಾಲದಲ್ಲೇ ಮೇಲುಕೋಟೆ ಕಡೆಯಿಂದ ಮದ್ರಾಸಿಗೆ ಬಂದ ಕುಟುಂಬ. ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ರು. ಅಂದ್ರೆ ನನ್ನ ಹಾಗೇ, ಸ್ವಲ್ಪ ತಡವಾಗಿ. ಒಂಬತ್ತು ಗಜದ ಸೀರೆ ಉಟ್ಕೊಂಡು, ಬೆಣ್ಣೆ ಬಣ್ಣದ ಅರವತ್ತರ ದಶಕದ ಪುಟ್ಟ ಕಾರನ್ನ ತಾವೇ ಓಡಿಸ್ಕೊಂಡು ಬರೋರು. ಗೇರ್ ಹಾಕೋದು ನೋಡಿದ್ರೆ ವೀಣೆ ನುಡಿಸ್ತಿದಾರೆ ಅನ್ನಿಸ್ಬೇಕು. ಲಾರಿಯವರು ಅವರಿಗೆ ದಾರಿ ಬಿಡ್ತಿದ್ರು. ಗೌರವಕ್ಕೋ ಭಯಕ್ಕೋ ನಂಗೆ ಇನ್ನೂ ಗೊತ್ತಿಲ್ಲ.

ಆ ಕಾರಿಗೆ ನಾಲ್ಕೂ ವೀಲಿಗೆ ಹಳೇ ಡ್ರಮ್ ಬ್ರೇಕು. ಮೊದಲ ಸಲ ಒತ್ತಿದ್ರೆ ನಿಲ್ಲುತ್ತೆ. ಎರಡನೇ ಸಲ ಯೋಚನೆ ಮಾಡುತ್ತೆ. ಟ್ರಾಫಿಕ್ಕಲ್ಲಿ ನಾಲ್ಕೈದು ಸಲ ಒತ್ತಿ ಡ್ರಮ್ ಬಿಸಿಯಾದ್ರೆ ಪೆಡಲ್ ಬೆಣ್ಣೆ ಥರ ಒಳಗೆ ಹೋಗುತ್ತೆ, ಕಾರು ಎಡಕ್ಕೆ ಎಳ್ಕೊಂಡು ಹೋಗುತ್ತೆ. ಹಾಗೆ ಎಳ್ಕೊಂಡು ಹೋಗಿ ಒಂದಿನ ಎಳನೀರು ಗುಡ್ಡೆ ಹತ್ತಿತ್ತು. ಎಳನೀರು ಮಾರೋನು ಎರಡು ನಿಮಿಷ ಮುಂಚೆ ಟೀ ಕುಡಿಯೋಕೆ ಹೋಗಿದ್ದ. ಆ ಟೀ ಅಂಗಡಿಯೋನಿಗೆ ಮಾಮಿ ಆಮೇಲೆ ಒಂದು ಪಂಚೆ ಕೊಡಿಸಿದ್ರಂತೆ.

ಈ ಸುದ್ದಿ ಅವರ ಮಗ ಚೀನು ಸಾರ್‌ಗೆ ಗೊತ್ತಾಯ್ತು. ಅವರು ಬ್ಯಾಂಕಲ್ಲಿ ಮ್ಯಾನೇಜರು. ಅಮ್ಮನ ಜೊತೆಗೇ ಬಂದ್ರು, ಮುಂದಿನ ಸೀಟಲ್ಲಿ ಎರಡೂ ಕೈ ಡ್ಯಾಶ್‌ಬೋರ್ಡ್ ಮೇಲೆ ಇಟ್ಕೊಂಡು.

"ರಂಗಣ್ಣಾ, ಇದನ್ನ ಮಾರಿಬಿಡಿ. ಅಮ್ಮಂಗೆ ಒಂದು ಡ್ರೈವರ್ ಇಟ್ಟು ಬೇರೆ ಕಾರ್ ಕೊಡ್ತೀನಿ" ಅಂದ್ರು ಚಿಕ್ಕಪ್ಪಂಗೆ.

"ಏಂಡಾ ಚೀನು, ನಿನ್ನ ಸ್ಕೂಲಿಗೆ ಬಿಟ್ಟಿದ್ದು ಯಾವ ಡ್ರೈವರ್ ಡಾ?" ಅಂದ್ರು ಮಾಮಿ.

"ಅಮ್ಮಾ, ಪ್ಲೀಸ್ ಮಾ. ಯಾರಿಗಾದ್ರೂ ಏನಾದ್ರೂ ಆದ್ರೆ?"

ಮಾಮಿ ಸೀರೆ ಸೆರಗಿಂದ ಸ್ಟೀರಿಂಗ್ ಒರೆಸಿದ್ರು. ಧೂಳೇನೂ ಇರ್ಲಿಲ್ಲ. ಆ ಕಾರು ಹೋದ್ರೆ ಅವರು ಇನ್ಯಾವತ್ತೂ ಒಬ್ಬರೇ ಮನೆಯಿಂದ ಹೊರಗೆ ಹೋಗೋ ಹಾಗಿಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಜ್ಯಾಕಿಗೂ.

ಚಿಕ್ಕಪ್ಪ ಹೇಳಿದ್ರು, "ಯುಗಾದಿವರೆಗೂ ಟೈಮ್ ಕೊಡಿ. ಮುಂದೆ ಎರಡಕ್ಕೂ ಡಿಸ್ಕ್ ಬ್ರೇಕ್ ಹಾಕ್ತೀನಿ. ನೀವೇ ಪಕ್ಕದಲ್ಲಿ ಕೂತ್ಕೊಂಡು ಪರೀಕ್ಷೆ ಮಾಡಿ."

ಚೀನು ಸಾರ್ ಒಪ್ಪಿದ್ರು. "ಅರವತ್ತರ ಸ್ಪೀಡಲ್ಲಿ, ಒಂದರ ಹಿಂದೆ ಒಂದು ಹತ್ತು ಸಲ. ಹತ್ತೂ ಸಲ ನೇರವಾಗಿ ನಿಲ್ಲಬೇಕು. ಒಂದು ಸಲ ಎಡವಟ್ಟಾದ್ರೂ ಮಾರ್ತೀನಿ."

"ಶೆರಿ," ಅಂದ್ರು ಮಾಮಿ. ಮುಗೀತು.

ಈಗ ಪಾಠಕ್ಕೆ ಬರೋಣ. ಹೊರಗಿನವರೆಲ್ಲ ಡಿಸ್ಕ್ ಹಾಕೋದೇ ದೊಡ್ಡ ಕೆಲಸ ಅಂದ್ಕೋತಾರೆ. ಅದು ಚಿಕ್ಕಪ್ಪಂಗೆ ಎರಡು ದಿನದ ಮಾತು. ಆಗ ಊರೆಲ್ಲ ಓಡ್ತಿದ್ದ ಒಂದು ಹೊಸ ಪುಟ್ಟ ಕಾರಿನ ಡಿಸ್ಕು, ಅದನ್ನ ಕಚ್ಚಿ ಹಿಡಿಯೋ ಕ್ಯಾಲಿಪರು ತಂದು, ವೀಲು ಕೂರೋ ಹಳೇ ಹಬ್‌ಗೆ ಹೊಂದೋ ಹಾಗೆ ಲೇತಲ್ಲಿ ಕಟ್ ಮಾಡಿಸಿ, ಹುಟ್ಟುವಾಗಲೇ ಅಲ್ಲಿತ್ತು ಅನ್ನೋ ಥರ ಕೂರಿಸಿದ್ರು. ಕೂರಿಸಿ ಹಳೇ ವೀಲ್ ಎತ್ತಿ ಹಾಕೋಕೆ ಹೋದ್ರೆ, ಹೋಗ್ತಾನೇ ಇಲ್ಲ! ಹದಿಮೂರು ಇಂಚಿನ ಹಳೇ ವೀಲಿನೊಳಗೆ ಡ್ರಮ್ಮಿಗೆ ಮಾತ್ರ ಜಾಗ. ಕ್ಯಾಲಿಪರ್ ದಪ್ಪ, ಅಡ್ಡ ನಿಂತ್ಕೊಂಡಿತ್ತು, ಮದುವೆ ಮನೆ ಬಾಗಿಲಲ್ಲಿ ನಿಂತ ದೊಡ್ಡ ಮಾವನ ಹಾಗೆ.

ಅಂದ್ರೆ ಬ್ರೇಕ್ ಬದಲಾದ್ರೆ ವೀಲೂ ಬದಲಾಗ್ಬೇಕು. ವೀಲ್ ಬದಲಾದ್ರೆ ಟೈರೂ. ಚಿಕ್ಕಪ್ಪ ಚಾಕ್‌ಪೀಸ್ ತಗೊಂಡು ನೆಲದ ಮೇಲೆ ವೀಲ್ ಬರೆದು ಹೇಳ್ಕೊಟ್ರು. ಬೋಲ್ಟ್ ತೂತುಗಳು ಒಂದರಿಂದ ಒಂದು ಎಷ್ಟು ದೂರ. ನಡುವಿನ ತೂತು ಹಬ್ ಮೇಲೆ ಬಿಗಿಯಾಗಿ ಕೂರುತ್ತಾ. ವೀಲು ಹಬ್‌ಗೆ ಬೋಲ್ಟ್ ಆಗೋ ಮೈ ಎಷ್ಟು ಒಳಗಿದೆ, ಎಷ್ಟು ಹೊರಗಿದೆ. ಒಳಗೆ ಹೋದ್ರೆ ಸಸ್ಪೆನ್ಷನ್ನಿಗೆ ಉಜ್ಜುತ್ತೆ, ಹೊರಗೆ ಬಂದ್ರೆ ಮಡ್‌ಗಾರ್ಡಿಗೆ. ಕೊನೇದು, ಕ್ಯಾಲಿಪರ್ ಮತ್ತೆ ವೀಲಿನ ಮಧ್ಯೆ ಮೂರು ಮಿಲಿಮೀಟರ್ ಗ್ಯಾಪ್ ಇರಲೇಬೇಕು. "ನಿಂತಿರೋ ಕಾರಲ್ಲಿ ತಾಗ್ಲಿಲ್ಲ ಅಂತ ಖುಷಿ ಪಡ್ಬೇಡ. ತಿರುಗುವಾಗ ವೀಲು ಬಳುಕುತ್ತೆ" ಅಂದ್ರು.

ಹದಿನಾಲ್ಕು ಇಂಚಿನ ವೀಲ್ ಹುಡುಕೋ ಜವಾಬ್ದಾರಿ ನಂಗೆ ಬಂತು. ಶುಕ್ರವಾರದ ಸಂತೆ ನಿಂಗೆ ಗೊತ್ತಲ್ಲ, ಒಂದು ಕಡೆ ಪಾರಿವಾಳ, ಪಕ್ಕದಲ್ಲಿ ಹಳೇ ಟೈಪ್‌ರೈಟರು, ಅದರ ಪಕ್ಕ ಯಾರದೋ ಹಲ್ಲಿನ ಸೆಟ್ಟು. ಅಲ್ಲಿ ನಾಲ್ಕು ವೀಲ್ ಸಿಕ್ತು. ಎಂಥಾ ವೀಲು! ಬೆಳ್ಳಿ ಬಣ್ಣ, ಒಂದು ಗೀರಿಲ್ಲ. ಟೇಪ್ ಹಿಡಿದು ನೋಡಿದೆ, ಎದುರುಬದುರು ತೂತುಗಳ ನಡುವೆ ತೊಂಬತ್ತೆಂಟು ಮಿಲಿಮೀಟರು ಬೇಕಿತ್ತು, ನೂರರ ಹತ್ತಿರ ಇತ್ತು. ಎರಡು ಮಿಲಿಮೀಟರ್ ತಾನೇ, ಅಷ್ಟು ಪ್ರೀತಿ ಇದ್ರೆ ಹೊಂದ್ಕೊಳ್ಳುತ್ತೆ ಅಂತ ತಗೊಂಡ್ಬಂದೆ. ಮೂರು ನಟ್ ಆರಾಮಾಗಿ ಹೋಯ್ತು. ನಾಲ್ಕನೇದು ಸೊಟ್ಟ ನಿಂತ್ಕೊಳ್ತು. ನಾನು ಸುತ್ತಿಗೆ ಎತ್ತಿದೆ. ಆಗಲೇ ವಿಮಾನ ಹೋಗಿ ಚಿಕ್ಕಪ್ಪ ಬಾಯಿ ತೆರೆದ್ರು. ಏನಂದ್ರು ಅಂತ ಬರೆಯಲ್ಲ, ಅಜ್ಜಿ ಈ ಕಾಗದ ಓದ್ತಾರೆ. ಸಾರಾಂಶ ಏನಂದ್ರೆ, ಸೊಟ್ಟ ಬಿಗಿದ ನಟ್ಟು ಓಡ್ತಾ ಓಡ್ತಾ ತಾನೇ ಬಿಚ್ಕೊಳ್ಳುತ್ತೆ, ಆಮೇಲೆ ವೀಲು ಕಾರಿಗಿಂತ ಮುಂಚೆ ಕೀಲ್ಪಾಕ್ ತಲುಪುತ್ತೆ.

ಮುಂದಿನ ಶುಕ್ರವಾರ ವರ್ನಿಯರ್ ಹಿಡ್ಕೊಂಡು ಹೋದೆ. ವೀಲ್ ಮಾರೋನು "ಏಮ್ಮಾ, ತಂಗಂ ವಾಂಗ್ರಿಯಾ?" ಅಂದ, ಚಿನ್ನ ಕೊಳ್ತಿದೀಯಾ ಅಂತ ತಮಿಳಲ್ಲಿ ಕಿಚಾಯಿಸ್ದ. ಇರಲಿ. ಈ ಸಲ ಸರಿಯಾದ ನಾಲ್ಕು ಸಿಕ್ತು, ನೋಡೋಕೆ ಮಾತ್ರ ಅನ್ನದ ಕುಕ್ಕರಿನ ಮುಚ್ಚಳದ ಥರ ಇತ್ತು.

ಟೈರ್ ವಿಷಯಕ್ಕೆ ಚೀನು ಸಾರ್ ಫೋನ್ ಮಾಡಿದ್ರು. "ಹಾಕೋದು ಹಾಕ್ತೀರ, ಅಗಲದ್ದು ಹಾಕಿ. ನೋಡೋಕೂ ಚೆನ್ನಾಗಿರುತ್ತೆ, ಹಿಡಿತಾನೂ ಜಾಸ್ತಿ."

ಚಿಕ್ಕಪ್ಪ ಹೇಳಿದ್ರು, "ಸಾರ್, ಪವರ್ ಸ್ಟೀರಿಂಗ್ ಇಲ್ಲದ ಕಾರು. ಅಗಲದ ಟೈರ್ ಹಾಕಿದ್ರೆ ಪಾರ್ಕಿಂಗಲ್ಲಿ ಮಾಮಿ ತಿರುಗಿಸೋದು ಸ್ಟೀರಿಂಗ್ ಅಲ್ಲ, ರುಬ್ಬೋ ಕಲ್ಲು. ಅವರ ಮಣಿಕಟ್ಟಿಗೆ ತಕ್ಕ ಟೈರ್ ಹಾಕ್ತೀನಿ."

ಇದನ್ನ ನಾನು ತುಂಬಾ ದಿನ ಯೋಚನೆ ಮಾಡಿದೀನಿ ತೇಜು. ಎಲ್ಲರೂ ಕಾರಿಗೆ ಟೈರ್ ನೋಡ್ತಾರೆ, ಚಿಕ್ಕಪ್ಪ ಓಡಿಸೋರ ಮಣಿಕಟ್ಟು ನೋಡಿದ್ರು. ವೀಲು ಒಂದಿಂಚು ದೊಡ್ಡದಾಗಿತ್ತಲ್ಲ, ಅದಕ್ಕೆ ಟೈರಿನ ರಬ್ಬರ್ ಗೋಡೆ ಗಿಡ್ಡ ಇರೋದು ಆರಿಸಿದ್ರು. ಒಟ್ಟು ಎತ್ತರ ಹಳೇದರಷ್ಟೇ ಬಂತು, ಸ್ಪೀಡೋಮೀಟರ್ ಸುಳ್ಳು ಹೇಳೋ ಹಾಗಿಲ್ಲ, ಮಡ್‌ಗಾರ್ಡಿಗೆ ಉಜ್ಜೋ ಹಾಗಿಲ್ಲ. ರೇಡಿಯಲ್ ಟೈರು, ಹಳೇ ಟೈರಿಗಿಂತ ಒಂಚೂರು ಮಾತ್ರ ಅಗಲ.

ಯುಗಾದಿ ಹಿಂದಿನ ದಿನ ಸಾಯಂಕಾಲ ಎಲ್ಲಾ ರೆಡಿ. ಗ್ಯಾಪ್ ಅಳೆಯೋದೊಂದು ಬಾಕಿ. ಅದನ್ನ ಹೇಗೆ ಅಳೀತಾರೆ ಅಂದ್ರೆ, ಮಕ್ಕಳು ಗೊಂಬೆ ಮಾಡ್ತಾರಲ್ಲ ಬಣ್ಣದ ಕ್ಲೇ, ಅದರ ಉಂಡೆ ಕ್ಯಾಲಿಪರ್ ಮೇಲೆ ಅಂಟಿಸಿ, ವೀಲ್ ಹಾಕಿ ನಟ್ ಬಿಗಿದು, ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚೋದು. ಅಪ್ಪಚ್ಚಿಯಾದ ಕ್ಲೇ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಗ್ಯಾಪು. ಡಬ್ಬ ತೆಗೆದು ನೋಡಿದ್ರೆ ನಮ್ಮ ಕ್ಲೇ ಪಲ್ಲಾವರಂ ಬಿಸಿಲಿಗೆ ಇಟ್ಟಿಗೆ ಆಗಿತ್ತು. ಅಂಗಡಿಗೆ ಹೋಗೋಕೆ ಸೋಮಾರಿತನ. ಹಿಂದಿನ ಮನೆಯಿಂದ ಎಣ್ಣೆ ವಾಸನೆ ಬರ್ತಿತ್ತು. ಅಜ್ಜಿ ಹಬ್ಬದ ಹೋಳಿಗೆಗೆ ಮೈದಾ ಕಣಕ ಕಲಸಿ, ಎಣ್ಣೆಯಲ್ಲಿ ನೆನೆಯೋಕೆ ಇಟ್ಟು ಪಕ್ಕದ ಮನೆಗೆ ಹೋಗಿದ್ರು.

ನಿಂಗೆ ಅರ್ಥ ಆಯ್ತು ಅನ್ಸುತ್ತೆ. ಒಂದು ಹಿಡಿ ಕದ್ದೆ. ಅಂಟಿಸಿದೆ, ತಿರುಗಿಸಿದೆ, ಬಿಚ್ಚಿದೆ, ಅಳೆದೆ.

"ಎಷ್ಟು?" ಅಂತ ಕಾರಿನ ಕೆಳಗಿಂದ ಚಿಕ್ಕಪ್ಪ ಕೇಳಿದ್ರು.

"ನಾಲ್ಕು!"

"ಭೇಷ್," ಅಂದ್ರು. ಎರಡನೇ ಸಲ ನೋಡ್ಲಿಲ್ಲ.

ಬೆಳಗ್ಗೆ ಹಬ್ಬ. ಬೇವು ಬೆಲ್ಲ ತಿಂದು, ಹೊಸ ಚೂಡಿದಾರ್ ಹಾಕ್ಕೊಂಡು ಅಡುಗೆ ಮನೆಗೆ ಹೋದೆ. ಅಜ್ಜಿ ಬಾಳೆ ಎಲೆ ಮೇಲೆ ಕಣಕ ತಟ್ತಾ ಗೊಣಗ್ತಿದ್ರು. "ಯಾರೋ ಕಣಕ ಕದ್ದಿದಾರೆ, ಬೆಕ್ಕಿಗೆ ಮೈದಾ ಯಾವಾಗಿಂದ ರುಚಿಸ್ತೋ. ನೋಡು, ಎಷ್ಟು ಚೆನ್ನಾಗಿ ನೆಂದಿದೆ ಅಂತ." ಬೆರಳಲ್ಲಿ ಒಂದು ಉಂಡೆ ಒತ್ತಿದ್ರು. ಗುಳಿ ಬಿತ್ತು. ಬೆರಳು ತೆಗೆದ್ರು. ಗುಳಿ ಮೆಲ್ಲಗೆ ಮೇಲೆದ್ದು ಬಂತು.

"ಒಳ್ಳೇ ಕಣಕ ಹೀಗಿರ್ಬೇಕು, ಒತ್ತಿದ್ರೂ ವಾಪಸ್ ಬರ್ಬೇಕು" ಅಂದ್ರು ಅಜ್ಜಿ ಹೆಮ್ಮೆಯಿಂದ.

ನನ್ನ ಹೊಟ್ಟೆಯಲ್ಲಿದ್ದ ಬೇವು ಬೆಲ್ಲದಲ್ಲಿ ಬೆಲ್ಲ ಎಲ್ಲಾ ಮಾಯ ಆಯ್ತು. ವೀಲ್ ಬಿಚ್ಚಿದ ಮೇಲೆ ಕಣಕ ಉಬ್ಬಿ ವಾಪಸ್ ಬಂದಿದೆ. ನಾನು ಅಳೆದಿದ್ದು ಗ್ಯಾಪ್ ಅಲ್ಲ, ಅಜ್ಜಿಯ ಕೈಗುಣ.

ಓಡಿದೆ. ಹೊರಗೆ ನೋಡಿದ್ರೆ ಮಾಮಿ ಆಗಲೇ ಸ್ಟೀರಿಂಗ್ ಹಿಂದೆ ಕೂತಿದಾರೆ, ತಲೆಗೆ ಮಲ್ಲಿಗೆ, ಮುಖದಲ್ಲಿ ಯುದ್ಧ. ಚೀನು ಸಾರ್ ಪಕ್ಕದಲ್ಲಿ, ಕೈಯಲ್ಲಿ ಪುಟ್ಟ ಇಟ್ಟಿಗೆಯಷ್ಟು ದೊಡ್ಡ ಮೊಬೈಲು. ಚಿಕ್ಕಪ್ಪ ಬಾನೆಟ್ ತಟ್ಟಿ "ಹೊರಡಿ ಮಾಮಿ" ಅಂತಿದಾರೆ.

"ಚಿಕ್ಕಪ್ಪಾ, ನಾನು ಅಳೆದಿದ್ದು ತಪ್ಪು!" ಅಂತ ಕೂಗಿದೆ. ಅದೇ ಕ್ಷಣಕ್ಕೆ ತಲೆ ಮೇಲೆ ವಿಮಾನ. ಯಾರಿಗೂ ಒಂದಕ್ಷರ ಕೇಳಿಸ್ಲಿಲ್ಲ.

ತೇಜು, ನಿಜ ಹೇಳ್ತೀನಿ, ಇದೊಂದನ್ನ ಹೆಚ್ಚು ಮಾಡಿ ಹೇಳ್ತಿಲ್ಲ. ಆ ವಿಮಾನ ಹೋಗೋಷ್ಟು ಹೊತ್ತು ನಂಗೆ ಟೈಮ್ ಇತ್ತು. ಹೇಳಿದ್ರೆ ಚೀನು ಸಾರ್ "ನೋಡಿದ್ಯಾ, ನಾನು ಹೇಳ್ಲಿಲ್ವಾ" ಅಂತಾರೆ, ಕಾರ್ ಮಾರ್ತಾರೆ. ಹೇಳದೇ ಇದ್ರೆ ಬಹುಶಃ ತಾಗೋದೂ ಇಲ್ಲ. ನಾನು ಒಂದ್ಸಲ ಹೇಳಿಯೂ ಆಗಿದೆ, ಕೇಳಿಸದೇ ಇದ್ರೆ ನನ್ನ ತಪ್ಪಾ? ಅಷ್ಟರಲ್ಲಿ ಮಾಮಿ ಕನ್ನಡಿಯಲ್ಲಿ ನನ್ನ ನೋಡಿ ನಕ್ಕು ಕೈ ಆಡಿಸಿದ್ರು. ವಿಮಾನ ಹೋಯ್ತು. ಬೀದಿ ಪೂರ್ತಿ ನಿಶ್ಶಬ್ದ.

"ನಾಲ್ಕು ಇಲ್ಲ ಚಿಕ್ಕಪ್ಪ. ನಾನು ಹೋಳಿಗೆ ಕಣಕದಲ್ಲಿ ಅಳೆದೆ. ಅದು ವಾಪಸ್ ಉಬ್ಬುತ್ತೆ."

ಚಿಕ್ಕಪ್ಪ ನನ್ನ ಮುಖ ನೋಡಿದ್ರು. ಬೈತಾರೆ ಅಂತ ಕಣ್ಣು ಮುಚ್ಕೊಂಡೆ. "ಜ್ಯಾಕ್ ತಗೊಂಬಾ," ಅಂದ್ರು, ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.

ಚೀನು ಸಾರ್ ಇಳಿದ್ರು. "ಹಿಟ್ಟಲ್ಲಿ ಅಳೆದ ಬ್ರೇಕಾ? ಸಾಕು ರಂಗಣ್ಣ, ಮಾರೋಣ."

ಮಾಮಿ ಇಳೀಲೇ ಇಲ್ಲ. ಕಿಟಕಿಯಿಂದ ಹೇಳಿದ್ರು, "ಚೀನು, ಮೂವತ್ತು ವರ್ಷ ನಾನು ಆಫೀಸಲ್ಲಿ ಕ್ಲೇಮ್ ಪೇಪರ್ ನೋಡಿದೀನಿ. ಕೇಳದೆ ತಾನಾಗೇ ಬಂದು ತಪ್ಪು ಒಪ್ಕೊಂಡವರು ಒಬ್ರೂ ಸಿಗ್ಲಿಲ್ಲ ಡಾ. ಇವತ್ತು ಒಂದು ಹುಡುಗಿ ಸಿಕ್ಕಿದಾಳೆ. ಅವಳು ಅಳೀಲಿ. ನಾನು ಕಾಯ್ತೀನಿ."

ಹಬ್ಬದ ದಿನ ಅಂಗಡಿ ಎಲ್ಲಾ ಮುಚ್ಚಿತ್ತು. ಕ್ಲೇ ಎಲ್ಲಿಂದ ತರೋದು? ಚಿಕ್ಕಪ್ಪ ಒಂದು ನಿಮಿಷ ಯೋಚನೆ ಮಾಡಿ, "ಅಜ್ಜಿ ಹತ್ರ ಹೋಗಿ ಹೂರಣ ಇಸ್ಕೊಂಡು ಬಾ. ಅದು ಉಬ್ಬಲ್ಲ" ಅಂದ್ರು. ಅಜ್ಜಿಗೆ ವಿಷಯ ಹೇಳಿದಾಗ ಅವರ ಮುಖ ನೀನು ನೋಡ್ಬೇಕಿತ್ತು. ದೇವರಿಗೆ ನೈವೇದ್ಯ ಆಗೋಕೆ ಮುಂಚೆ ಕಾರಿನ ಚಕ್ರಕ್ಕೆ ನೈವೇದ್ಯ. ಆದ್ರೂ ಕೊಟ್ರು, ಎರಡು ಉಂಡೆ, ಎಣಿಸಿ.

ಹೂರಣ ನಿಜ ಹೇಳ್ತು. ಎರಡೂ ಕಡೆ ಒಂದೂವರೆ ಮಿಲಿಮೀಟರ್.

ಕ್ಯಾಲಿಪರ್ ಹೊರಮೈ ಮೇಲೆ ಎರಕದಲ್ಲಿ ಉಳಿದ ಒಂದು ದಿಣ್ಣೆ ಇತ್ತು, ಯಾವ ಕೆಲಸಕ್ಕೂ ಬಾರದ್ದು, ಅದೇ ಅಡ್ಡ. ಚಿಕ್ಕಪ್ಪ ಡಿಸ್ಕಿಗೆಲ್ಲ ಬಟ್ಟೆ ಸುತ್ತಿ ಅರ ತಗೊಂಡು ಕೂತ್ರು. ಮೆಷಿನ್ ಇಲ್ಲ, ಕೈಯಲ್ಲೇ. ಹತ್ತು ಸಲ ಉಜ್ಜೋದು, ಬೆರಳಲ್ಲಿ ಸವರೋದು, ನನ್ನ ಕಡೆ ನೋಡೋದು. ನಾನು ಹೂರಣ ಅಂಟಿಸಿ ಅಳೆಯೋದು. "ಎಷ್ಟು?" "ಎರಡು." ಮತ್ತೆ ಅರ. "ಎಷ್ಟು?" "ಎರಡೂವರೆ." ಚೀನು ಸಾರ್ ಮೊದಲು ದೂರ ನಿಂತಿದ್ರು, ಆಮೇಲೆ ಬಗ್ಗಿದ್ರು, ಆಮೇಲೆ ಮಂಡಿ ಊರಿ ಟಾರ್ಚ್ ಹಿಡಿದ್ರು. ಹಬ್ಬದ ರೇಷ್ಮೆ ಪಂಚೆಯ ಮಂಡಿ ಎರಡೂ ಕಪ್ಪು. ಎರಡು ವೀಲಿಗೂ ಮೂರೂಕಾಲು ಬಂದಾಗ ಚಿಕ್ಕಪ್ಪ, "ಸಾರ್, ನೀವೊಂದ್ಸಲ ಓದಿ" ಅಂತ ವರ್ನಿಯರ್ ಅವರ ಕೈಗೆ ಕೊಟ್ರು. ಅವತ್ತಿಂದ ನಮ್ಮಲ್ಲಿ ಯಾವ ನಂಬರನ್ನೂ ಇಬ್ಬರು ಓದದೇ ಬಿಡಲ್ಲ.

ಕಂಟೋನ್ಮೆಂಟ್ ಹಿಂದಿನ ಖಾಲಿ ರಸ್ತೆ. ನಾನು ಹಿಂದಿನ ಸೀಟಲ್ಲಿ. ಮಾಮಿ ಅರವತ್ತಕ್ಕೆ ಏರಿಸಿ ಬ್ರೇಕ್ ಒತ್ತಿದ್ರು. ಕಾರು ಗೋಡೆ ಬಂದ ಹಾಗೆ ನಿಲ್ತು, ಕೂದಲೆಳೆ ಆಚೀಚೆ ಇಲ್ಲ. ಚೀನು ಸಾರ್ ಕನ್ನಡಕ ಡ್ಯಾಶ್‌ಬೋರ್ಡ್ ಮೇಲೆ ಹೋಗಿ ಕೂತ್ಕೊಳ್ತು. ಎರಡು. ಮೂರು. ನಾಲ್ಕನೇ ಸಲ, ಹಳೇ ಬ್ರೇಕ್ ಕೈಕೊಡ್ತಿದ್ದ ಜಾಗ. ನಿಲ್ತು. ಐದು, ಆರು. ಏಳನೇ ಸಲ ನಿಂತಾಗ ಚೀನು ಸಾರ್ ಮೂಗು ಎತ್ತಿದ್ರು.

"ಏನೋ ಸುಡ್ತಿದೆ! ಅಮ್ಮಾ, ನಿಲ್ಸು. ಬ್ರೇಕ್ ಸುಡ್ತಿದೆ!"

ನಂಗೂ ವಾಸನೆ ಬಂತು. ಎಡಗಡೆ ಮುಂದಿನ ವೀಲಿಂದ. ಮೂರೂಕಾಲು ಇತ್ತಲ್ಲ, ಇಬ್ಬರೂ ಓದಿದ್ವಲ್ಲ!

ಮಾಮಿ ಕಿಟಕಿಯಿಂದ ತಲೆ ಹೊರಗೆ ಹಾಕಿದ್ರು. ಕಣ್ಣು ಮುಚ್ಚಿ ನಿಧಾನವಾಗಿ ಉಸಿರು ಎಳ್ಕೊಂಡ್ರು.

"ಚೀನು, ಇದು ಬ್ರೇಕ್ ಅಲ್ಲ ಡಾ. ಬೆಲ್ಲ, ಬೇಳೆ, ಏಲಕ್ಕಿ." ನನ್ನ ಕಡೆ ತಿರುಗಿದ್ರು. "ನೀನು ಹೂರಣ ಪೂರ್ತಿ ಒರೆಸ್ಲಿಲ್ವಾ ಕಣ್ಣಾ?"

ಒರೆಸಿರ್ಲಿಲ್ಲ. ಕ್ಯಾಲಿಪರ್ ಮೂಲೆಯಲ್ಲಿ ಗೋಲಿಯಷ್ಟು ಹೂರಣ ಉಳಿದು, ಬ್ರೇಕ್ ಬಿಸಿಗೆ ಹದವಾಗಿ ಬೇಯ್ತಿತ್ತು. ಇಳಿದು, ಬಗ್ಗಿ, ಕಡ್ಡಿಯಿಂದ ಕಿತ್ತು ಚೀನು ಸಾರ್‌ಗೆ ತೋರಿಸ್ದೆ. ಅವರು ಅದನ್ನ ನೋಡಿದ್ರು, ಅಮ್ಮನ್ನ ನೋಡಿದ್ರು. ಕನ್ನಡಕ ಹಾಕ್ಕೊಂಡು ವಾಪಸ್ ಕೂತ್ರು.

"ಎಂಟು," ಅಂದ್ರು.

ಮಾಮಿ ಗೇರ್ ಹಾಕಿದ್ರು. ಎಂಟು. ಒಂಬತ್ತು. ಹತ್ತು. ಹತ್ತನೇ ಸಲ ಚೀನು ಸಾರ್ ಎರಡೂ ಕೈ ತೊಡೆ ಮೇಲಿತ್ತು, ಡ್ಯಾಶ್‌ಬೋರ್ಡ್ ಮುಟ್ಟಿರ್ಲಿಲ್ಲ. ಮಾಮಿ ಅದನ್ನೇ ನೋಡ್ತಿದ್ರು, ರಸ್ತೆ ಅಲ್ಲ.

ಹೊಸ ಕ್ಲೇ ಡಬ್ಬ ಮೇಲಿನ ಶೆಲ್ಫಲ್ಲಿದೆ ತೇಜು, ಬಿಸಿಲಿಗಿಡಬೇಡ. ಅಜ್ಜಿ ಯುಗಾದಿಗೆ ಹೂರಣದಲ್ಲಿ ಎರಡು ಉಂಡೆ ಈಗ್ಲೂ ಬೇರೆ ತೆಗೆದಿಡ್ತಾರೆ, ಕೇಳಿದ್ರೆ ಬೈತಾರೆ, ಕೇಳ್ಬೇಡ. ನೀನು ಸೇರಿದ ಮೊದಲ ವಾರದಲ್ಲೇ ಬೆಣ್ಣೆ ಬಣ್ಣದ ಕಾರು ಸರ್ವೀಸಿಗೆ ಬರುತ್ತೆ. ಬೀದಿ ಕೊನೆಯಲ್ಲಿ ಶಬ್ದ ಕೇಳಿದಾಗ ಚಿಕ್ಕಪ್ಪನ ಮುಖ ನೋಡು. ಎಡಗಡೆ, ಬಲಗಡೆ ಅಂತ ಏನೂ ಹೇಳಲ್ಲ ಅವರು. ಎದ್ದು, ಕೈ ಒರೆಸ್ಕೊಂಡು, ಗೇಟ್ ತೆಗೀತಾರೆ. ಮಾಮಿ ಒಬ್ಬರೇ ಬರ್ತಾರೆ.